ಕವಳಿ ಪೊದೆಯ ಠರಾವು

ನವನಗರ, ಬಾಗಲಕೋಟೆ
೧೦ ಜೂನ್ ೨೦೨೪

ಧರ್ಮರಾಜನಿಗೆ,

ನಿನ್ನ ಮೊಬೈಲ್ ನಂಬರನ್ನು ಬ್ಲಾಕ್ ಮಾಡಿದ್ದೇನೆ. ಕೈತಪ್ಪಿ ಆದದ್ದಲ್ಲ, ಬೇಕೆಂದೇ ಮಾಡಿದ್ದು. ಬೆಳಗಿನ ಐದು ಗಂಟೆಗೆ ಹುಟ್ಟುವ ಸೂರ್ಯನ ಚಿತ್ರ, ಅದರ ಕೆಳಗೊಂದು ದೇವರ ವಾಕ್ಯ, ಅದರ ಕೆಳಗೆ ಕೈಮುಗಿದ ನಿನ್ನ ಫೋಟೋ. ಸೂರ್ಯ ಬೇಕೆಂದರೆ ನನ್ನ ಮಗಳ ಮನೆಗೂ ಕಿಟಕಿ ಇದೆ. ಹುನಗುಂದದ ಸಭೆಗೆ ನೀನು ಪಾಸ್ಟರ್ ಆಗಿ ಬಂದು ಎರಡು ವರ್ಷವಾಯಿತು. ನಾನು ಆ ಸಭೆಯ ಕಾರ್ಯದರ್ಶಿ. ನನ್ನ ಹತ್ತಿರ ಮಾತಾಡುವುದಿದ್ದರೆ ಕಾಗದ ಬರೆ. ಪತ್ರ ಬರೆಯುವುದನ್ನು ಹತ್ತನೆಯ ತರಗತಿಯಲ್ಲಿ ನಿನಗೂ ಕಲಿಸಿದ್ದಾರೆ, ಕಲಿತೆಯೋ ಇಲ್ಲವೋ ಈಗ ಗೊತ್ತಾಗುತ್ತದೆ.

ಎರಡೂ ಮೊಣಕಾಲಿನ ಆಪರೇಷನ್ ಮುಗಿದಿದೆ. ಗೀತಾಂಜಲಿ ಆಫೀಸಿಗೆ ಹೋಗುವ ಮುಂಚೆ "ಅವ್ವಾ, ಭಾಳ ಹೊತ್ತ ಕುಂದರಬ್ಯಾಡ" ಅನ್ನುತ್ತಾಳೆ, ಬಂದ ಮೇಲೆ "ಅವ್ವಾ, ಯಾಕ ಅಡ್ಡಾಡಾಕತ್ತಿ" ಅನ್ನುತ್ತಾಳೆ. ಆರು ತಿಂಗಳು ಊರ ಕಡೆ ಹೆಜ್ಜೆ ಹಾಕಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ನಿಮ್ಮ ಸಭೆಯಿಂದ ಆರು ತಿಂಗಳ ಬಿಡುಗಡೆ ಸಿಕ್ಕಿತಲ್ಲ ಎಂದು ನಾನೂ ಗೊಣಗದೆ ಇದ್ದೇನೆ.

ಜೂನ್ ಐದರ ಪರಿಸರ ದಿನದ ಫೋಟೋವನ್ನು ಅವಳ ಫೋನಿನಲ್ಲಿ ನೋಡಿದೆ. ಒಂದು ಸಸಿ, ಅದಕ್ಕೆ ಹದಿನಾಲ್ಕು ಕೈ. ಪಾಪ, ಅದಕ್ಕೆ ಉಸಿರಾಡಲು ಜಾಗವಿಲ್ಲ. ಗುಂಡಿಯ ಗುರುತು ಹಿಡಿದೆ. ಹೋದ ವರ್ಷವೂ ಅದೇ ಗುಂಡಿ, ಅದರ ಹಿಂದಿನ ವರ್ಷವೂ ಅದೇ. ನೀರು ಹಾಕಿದವರು ಯಾರು ಎಂದು ಕೇಳಿದರೆ ಎಲ್ಲರೂ ಆಕಾಶ ನೋಡುತ್ತೀರಿ. "ದೇವರು ನೋಡ್ಕೋತಾನ್ರಿ ಅಕ್ಕೋರ" ಎಂದು ಹೋದ ಬೇಸಿಗೆಯಲ್ಲಿ ನೀನೇ ಹೇಳಿದ್ದೆ. ದೇವರಿಗೆ ಕೊಡ ಹೊರುವ ಕೆಲಸ ಹಚ್ಚುವ ಪಾಸ್ಟರನನ್ನು ನಾನು ಕಂಡದ್ದು ಅದೇ ಮೊದಲು. ಮೂವತ್ತೆರಡು ವರ್ಷ ಜೀವಶಾಸ್ತ್ರ ಕಲಿಸಿದ್ದೇನೆ. ಪ್ರಾರ್ಥನೆಯಿಂದ ಒಂದು ಹುಲ್ಲುಕಡ್ಡಿ ಮೊಳೆತದ್ದನ್ನು ನೋಡಿಲ್ಲ. ಕೈ ಕೆಸರು ಮಾಡಿಕೊಳ್ಳಲು ಹೇಸುವವರು ಕಣ್ಣು ಮುಚ್ಚಿಕೊಂಡು ನಿಲ್ಲುತ್ತಾರೆ, ಅಷ್ಟೇ.

ಇನ್ನೊಂದು ಮಾತು. ಮೇ ತಿಂಗಳಲ್ಲಿ ದವಾಖಾನೆಗೆ ಬರುವ ದಿನ ಕಮಿಟಿಯ ಠರಾವು ಪುಸ್ತಕದಲ್ಲಿ ಐದು ಖಾಲಿ ಹಾಳೆಗಳ ಕೆಳಗೆ ಸಹಿ ಮಾಡಿಟ್ಟು ಬಂದಿದ್ದೇನೆ. ಕಾರ್ಯದರ್ಶಿಯ ಸಹಿ ಬೇಕೆಂದು ಯಾರೂ ನನ್ನ ಬೆನ್ನು ಹತ್ತಬೇಡಿ. ಮೇಲೆ ಏನು ಬೇಕಾದರೂ ಬರೆದುಕೊಳ್ಳಿ. ಚಹಾ, ಚೂಡಾ, ಬಂದವರಿಗೆ ಧನ್ಯವಾದ: ನಿಮ್ಮ ಠರಾವುಗಳಲ್ಲಿ ಇದಕ್ಕಿಂತ ಹೆಚ್ಚಿನದು ಎಂದೂ ಇದ್ದದ್ದಿಲ್ಲ.

ಕೃಪಾವತಿ

*

ಹುನಗುಂದ
೨೦ ಆಗಸ್ಟ್ ೨೦೨೪

ಕರ್ತನಲ್ಲಿ ಗೌರವಕ್ಕೆ ಪಾತ್ರರಾದ ಕೃಪಾವತಿ ಅಕ್ಕೋರಿಗೆ,

ಯೇಸುಸ್ವಾಮಿಯ ನಾಮದಲ್ಲಿ ವಂದನೆಗಳು. ತಮ್ಮ ಕಾಗದಕ್ಕೆ ಉತ್ತರ ಬರೆಯಲು ಎರಡು ತಿಂಗಳು ತಗೊಂಡೆ. ಮೂರು ಸಲ ಬರೆದು ಹರಿದೆ. ತಾವು ಕೆಂಪು ಮಸಿಯಲ್ಲಿ ತಿದ್ದಿ ವಾಪಸು ಕಳಿಸುತ್ತೀರೆಂಬ ಹೆದರಿಕೆ ಇಪ್ಪತ್ತೈದು ವರ್ಷವಾದರೂ ಹೋಗಿಲ್ಲ.

ಅಕ್ಕೋರೇ, ತಮ್ಮ ಮಾತು ನನಗೆ ನಾಟಿತು. ಸೆಪ್ಟೆಂಬರ್ ಒಂದರಿಂದ ಅಕ್ಟೋಬರ್ ನಾಲ್ಕರವರೆಗೆ ಬೇರೆ ಬೇರೆ ದೇಶಗಳ ಸಭೆಗಳವರು ಸೃಷ್ಟಿಗಾಗಿ ಪ್ರಾರ್ಥಿಸುತ್ತಾರೆ. ನಾವೂ ಮಾಡೋಣ, ಆದರೆ ಈ ಸಲ ಬರೀ ಪ್ರಾರ್ಥನೆ ಬೇಡ, ಕಣ್ಣಿಗೆ ಕಾಣುವ ಕೆಲಸ ಆಗಲಿ ಎಂದು ಕಮಿಟಿಯ ಮುಂದೆ ಇಟ್ಟೆ. ನಮ್ಮ ಸ್ಮಶಾನ ಮುಳ್ಳುಕಂಟಿ ಬೆಳೆದು ಒಳಗೆ ಕಾಲಿಡದಂತಾಗಿದೆ. ಅದನ್ನು ಸ್ವಚ್ಛ ಮಾಡಿ ನೂರು ಸಸಿ ನೆಡಬೇಕೆಂದು ಎಲ್ಲರೂ ಒಪ್ಪಿದ್ದಾರೆ.

ಎರಡು ವಿಷಯ ಕೇಳುವುದಿತ್ತು. ತಮ್ಮ ಯಜಮಾನರು ಜಯವಂತ ಸರ್ ತೀರಿಕೊಂಡಾಗ ನಾನು ಈ ಊರಲ್ಲಿರಲಿಲ್ಲ. ಅವರ ಸಮಾಧಿ ಯಾವ ಕಡೆ ಇದೆ ಎಂದು ಇಲ್ಲಿ ಒಬ್ಬೊಬ್ಬರು ಒಂದೊಂದು ದಿಕ್ಕು ತೋರಿಸುತ್ತಾರೆ. ಗುಂಡಿ ತೋಡಿದ ಯಮನಪ್ಪ ಈಗಿಲ್ಲ. ತಾವು ತಿಳಿಸಿದರೆ ಅದಕ್ಕೂ ಸುಣ್ಣ ಹಚ್ಚಿಸುತ್ತೇವೆ. ಎರಡನೆಯದು, ಈ ಕೆಲಸದ ಠರಾವನ್ನು ತಮಗೆ ಓದಿ ಹೇಳದೆ ತಮ್ಮ ಸಹಿಯ ಮೇಲೆ ಬರೆಯಲು ನನಗೆ ಮನಸ್ಸಿಲ್ಲ. ಒಂದು ಸಲ ಫೋನಿನಲ್ಲಿ ಕೇಳಿಸಿಕೊಳ್ಳುತ್ತೀರಾ?

ಕ್ರಿಸ್ತನಲ್ಲಿ ತಮ್ಮ ವಿದ್ಯಾರ್ಥಿ,
ಧರ್ಮರಾಜ

*

ಬಾಗಲಕೋಟೆ
೨೭ ಆಗಸ್ಟ್ ೨೦೨೪

ಧರ್ಮರಾಜ,

ಸುಣ್ಣವಂತೆ. ಅಲ್ಲಿ ಸುಣ್ಣ ಹಚ್ಚಲು ಕಲ್ಲೂ ಇಲ್ಲ, ಸಿಮೆಂಟೂ ಇಲ್ಲ. "ನನ್ನ ಮ್ಯಾಲ ಭಾರ ಹೇರಬ್ಯಾಡ ಕೃಪಾ" ಎಂದು ಅವರು ಹೇಳಿದ್ದರು, ನಾನು ಹೇರಲಿಲ್ಲ. ಅದಕ್ಕೆ ನಿಮ್ಮ ಸಭೆಯ ಹಿರಿಯರು ಏನೆಂದರು ಗೊತ್ತೇ? "ಅಕ್ಕೋರು ಗಂಡಗ ಎರಡ ಚೀಲ ಸಿಮೆಂಟ್ ಸುದ್ದಾ ಹಾಕಸ್ಲಿಲ್ಲ." ಪೂಜ್ಯರು, ಆರಾಧನೆ ಮುಗಿಸಿ ಚರ್ಚಿನ ಮೆಟ್ಟಿಲ ಮೇಲೆ ನಿಂತೇ ಆಡಿದ ಮಾತು. ಒಂಬತ್ತು ವರ್ಷ ಅದನ್ನು ನುಂಗಿಕೊಂಡಿದ್ದೇನೆ. ಈಗ ಅದೇ ಮಂದಿಗೆ ಜಾಗ ತೋರಿಸಿ ಸುಣ್ಣದ ಬಕೆಟ್ಟಿಗೆ ಕಾಯುತ್ತಾ ಕೂಡುವುದಿಲ್ಲ. ಅವರು ಎಲ್ಲಿದ್ದಾರೆಂದು ನನಗೆ ಗೊತ್ತಿದೆ. ನಿಮಗೆ ಗೊತ್ತಾಗಬೇಕಾದ ಅಗತ್ಯವಿಲ್ಲ.

ಇನ್ನು ನಿಮ್ಮ ಸ್ವಚ್ಛತಾ ಮಹಾಕಾರ್ಯ. ಮಾಡಿ. ನಾಲ್ಕು ಜನ ಪೊರಕೆ ಹಿಡಿದು ಗೇಟಿನ ಮುಂದೆ ನಿಲ್ಲುತ್ತೀರಿ, ಫೋಟೋ ಆಗುತ್ತದೆ, ಹತ್ತು ಹೆಜ್ಜೆ ಒಳಗೆ ಹೋಗುವಷ್ಟರಲ್ಲಿ ಯಾರಿಗೋ ಮುಳ್ಳು ಚುಚ್ಚುತ್ತದೆ, ಉಪ್ಪಿಟ್ಟು ಆರುತ್ತದೆಂದು ಎಲ್ಲರೂ ತಿರುಗಿ ಬರುತ್ತೀರಿ. ಇದಕ್ಕೆ ಠರಾವು ಬೇರೆ, ಅದನ್ನು ನನಗೆ ಓದಿ ಹೇಳುವ ನಾಟಕ ಬೇರೆ. ಸಹಿ ಮಾಡಿಟ್ಟದ್ದು ಯಾತಕ್ಕೆ? ನಿಮ್ಮ ಬರಹ ಕೇಳುವ ಶಿಕ್ಷೆ ತಪ್ಪಲಿ ಎಂದು. ಏನಾದರೂ ಬರೆದುಕೊ, ನನ್ನನ್ನು ಕೇಳಬೇಡ. ಸಾಧ್ಯವಾದರೆ ಒಂದು ಕೆಲಸವನ್ನಾದರೂ ಬಾಯಿ ಮುಚ್ಚಿಕೊಂಡು, ಪೂರ್ತಿ ಮಾಡಿ ತೋರಿಸು. ಆಗ ನಿನ್ನ ನಂಬರನ್ನು ಬಿಡುಗಡೆ ಮಾಡುತ್ತೇನೆ.

ಕೃಪಾವತಿ

*

ಹುನಗುಂದ
೧೬ ಸೆಪ್ಟೆಂಬರ್ ೨೦೨೪

ಗೌರವಾನ್ವಿತ ಅಕ್ಕೋರಿಗೆ ವಂದನೆಗಳು.

ಪೂರ್ತಿ ಮಾಡಿದೆವು! ಮೊನ್ನೆ ಶನಿವಾರ, ಒಂದೇ ದಿನದಲ್ಲಿ. ನನ್ನ ಕ್ಲಾಸಿನ ಜಾಫರಸಾಬ ನೆನಪಿರಬೇಕು, ಹಿಂದಿನ ಬೆಂಚಿನವನು. ಈಗ ಇಲಕಲ್ಲಿನ ಕ್ವಾರಿಗಳಲ್ಲಿ ಜೆಸಿಬಿ ನಡೆಸುತ್ತಾನೆ, ಗಾಡಿ ಅವನದೇ. ಸಭೆಯ ಕೆಲಸ ಎಂದದ್ದಕ್ಕೆ ಬಾಡಿಗೆ ಬೇಡವೆಂದು ಬಂದ. ಎರಡೆಕರೆಯ ಕಂಟಿ ನಾಲ್ಕು ತಾಸಿನಲ್ಲಿ ಹೋಯಿತು. ಈಗ ಗೇಟಿನಲ್ಲಿ ನಿಂತರೆ ಹಿಂದಿನ ಗೋಡೆ ಕಾಣುತ್ತದೆ. ಕಲ್ಲು ಕಟ್ಟಿದ ಮೂವತ್ತೊಂದು ಸಮಾಧಿಗಳಿಗೂ ಸ್ವಲ್ಪವೂ ಧಕ್ಕೆ ಆಗಿಲ್ಲ, ಎಲ್ಲಕ್ಕೂ ಸುಣ್ಣ ಹಚ್ಚಿಸಿದೆವು. ನೂರು ಕೋನೋಕಾರ್ಪಸ್ ಸಸಿ ನೆಟ್ಟೆವು. ನೀರಿಗೆ ಹೆಂಗಸರು ಪಾಳಿ ಹಾಕಿಕೊಂಡಿದ್ದಾರೆ.

ತಮಗೆ ಇನ್ನೊಂದು ಕೇಳಿ ಸಂತೋಷವಾಗಬಹುದು. ಕಣ್ಣು ಮುಚ್ಚಿ ನಿಲ್ಲುವವರು ಎಂದಿದ್ದಿರಲ್ಲ, ಅದು ನೆನಪಾಗಿ ಅವತ್ತು ಪ್ರಾರ್ಥನೆಗೆ ಹೊತ್ತು ಕಳೆಯದೆ ನೇರ ಕೆಲಸಕ್ಕೆ ಇಳಿದೆವು. ಜಯವಂತ ಸರ್ ಅವರ ಸಮಾಧಿ ಮಾತ್ರ ಸಿಗಲಿಲ್ಲ. ತಾವು ಬಂದಾಗ ತೋರಿಸಿ.

ಫೋಟೋ ಇಟ್ಟಿದ್ದೇನೆ.

ತಮ್ಮ
ಧರ್ಮರಾಜ

*

ಬಾಗಲಕೋಟೆ
೨೦ ಸೆಪ್ಟೆಂಬರ್ ೨೦೨೪

ಧರ್ಮರಾಜ,

ನಿನ್ನ ಫೋಟೋವನ್ನು ಗೀತಾಂಜಲಿಯ ಭೂತಗನ್ನಡಿ ಇಟ್ಟು ನೋಡಿದೆ. ಸ್ಮಶಾನದ ಹಿಂಭಾಗದಲ್ಲಿ ಒಂದು ಕವಳಿ ಪೊದೆ ಇತ್ತು, ಆಳೆತ್ತರದ್ದು; ಫೋಟೋದಲ್ಲಿ ಅದಿಲ್ಲ. ಇಡೀ ಸ್ಮಶಾನದಲ್ಲಿ ಕವಳಿ ಅದೊಂದೇ. ಅವರನ್ನು ಮಣ್ಣು ಮಾಡಿದ ಎರಡನೆಯ ಮಳೆಗಾಲಕ್ಕೆ, ಅವರ ಮೇಲೆಯೇ, ತಾನಾಗಿ ಎದ್ದದ್ದು. ನನ್ನ ಗಂಡನ ಗೋರಿ ಅದೇ. ಕಲ್ಲಿಲ್ಲ, ಹೆಸರಿಲ್ಲ, ಪೊದೆ ಮಾತ್ರ. ಅದರ ಬುಡದಲ್ಲಿ ಗೌಜಲಕ್ಕಿ ಮೊಟ್ಟೆ ಇಡುತ್ತಿತ್ತು. ಪ್ರತಿ ಜೂನಿಗೆ ಕವಳಿಕಾಯಿ ಕೀಳುವ ನೆಪದಲ್ಲಿ ಹೋಗಿ, ಅರ್ಧ ದಿನ ಅಲ್ಲೊಂದು ಹಾಸುಗಲ್ಲಿನ ಮೇಲೆ ಕೂತು ಅವರ ಹತ್ತಿರ ಮಾತಾಡಿ ಬರುತ್ತಿದ್ದೆ. ನಿಮ್ಮ ಜಗಲಿಯ ಮಂದಿಗಿಂತ ಅವರ ಸಂಗ ಎಷ್ಟೋ ಚೆನ್ನಾಗಿತ್ತು.

ಭಲೇ! ದೇವರ ಸೃಷ್ಟಿಯನ್ನು ಕಾಯುತ್ತೇನೆಂದು ಹೊರಟು ದೇವರ ಸೃಷ್ಟಿಯನ್ನೇ ಜೆಸಿಬಿಯ ಬಕೆಟ್ಟಿನಲ್ಲಿ ಎತ್ತಿ ಹಾಕಿದೆಯಲ್ಲೋ. ಸುತ್ತ ಹೊಲ, ಕ್ವಾರಿ, ಪ್ಲಾಟು; ನಡುವೆ ಮನುಷ್ಯನ ಕೈ ಬೀಳದೆ ಉಳಿದ ಎರಡೆಕರೆ ಅದೊಂದೇ ಇತ್ತು. ಸತ್ತವರ ಹೆದರಿಕೆಗೆ ಉಳಿದಿತ್ತು. ಜಾಲಿ, ಬಾರಿ, ಕವಳಿ ಕಿತ್ತು ಕೋನೋಕಾರ್ಪಸ್ ನೆಟ್ಟಿರಿ: ಆಡು ಮೂಸುವುದಿಲ್ಲ, ಹಕ್ಕಿ ಗೂಡು ಕಟ್ಟುವುದಿಲ್ಲ. ಮದುವೆ ಮಂಟಪದ ಮುಂದೆ ಸಾಲಾಗಿ ನಿಲ್ಲಿಸುವ ಗಿಡ! ನಿನಗೆ ನಾನು ಜೀವಶಾಸ್ತ್ರ ಕಲಿಸಿದ್ದೆ ಎಂದು ಯಾರ ಮುಂದೆಯೂ ಹೇಳಬೇಡ, ನನ್ನ ಮಾನ ಹೋಗುತ್ತದೆ.

ಯಾರ ಅಪ್ಪಣೆಯಿಂದ ಮಾಡಿದೆ? ಅದೊಂದಕ್ಕೆ ಉತ್ತರ ಕೊಡು.

ಕೃಪಾವತಿ

*

ಹುನಗುಂದ
೨೫ ಸೆಪ್ಟೆಂಬರ್ ೨೦೨೪

ಅಕ್ಕೋರೇ,

ಅಪ್ಪಣೆ ನನ್ನದೇ. ತಪ್ಪು ನನ್ನೊಬ್ಬನದೇ. ಕ್ಷಮಿಸಿ ಎಂದು ಕೇಳುವ ಮುಖವೂ ನನಗಿಲ್ಲ.

ಧರ್ಮರಾಜ

*

ಬಾಗಲಕೋಟೆ
೨ ಅಕ್ಟೋಬರ್ ೨೦೨೪

ಜಾಫರಸಾಬನಿಗೆ,

ನಾನು ಕೃಪಾವತಿ ಅಕ್ಕೋರು. ಎಂಟನೆಯ ತರಗತಿಯಲ್ಲಿ ಅವರೆ ಬೀಜ ಮೊಳಕೆ ಬರಿಸಲು ಹೇಳಿದರೆ, ಬೀಜವನ್ನು ಹುರಿದು ತಿಂದು ಬಂದವನು ನೀನು. ಆಗಲೇ ನಿನ್ನ ಗತಿ ಗೊತ್ತಾಗಬೇಕಿತ್ತು.

ಧರ್ಮರಾಜನಿಗೆ ಬುದ್ಧಿ ಇಲ್ಲ, ಅದು ಊರಿಗೆಲ್ಲ ಗೊತ್ತು. ಅವನು ಹೇಳಿದ, ನೀನು ಮಾಡಿದೆ. ಗಾಡಿ ನಡೆಸುವವನಿಗೆ ಕಣ್ಣು ಬೇಡವೇ? ಹೆಣ ಹೂತ ಮಣ್ಣಿನ ಮೇಲೆ ಜೆಸಿಬಿಯ ಹಲ್ಲು ಊರುವ ಮುಂಚೆ ಒಂದು ಸಲ ನಿಂತು ನೋಡಬೇಕೆನಿಸಲಿಲ್ಲವೇ? ನಿನ್ನ ಅಪ್ಪ ಮುರ್ತುಜಸಾಬರು ನಮ್ಮ ಮನೆಯವರ ಹೆಣಕ್ಕೆ ಹೆಗಲು ಕೊಟ್ಟವರು. ಆ ಮನುಷ್ಯನ ಮಗ ಅದೇ ಗೋರಿಯನ್ನು ಕೆರೆದ. ಬಾಡಿಗೆ ಬೇಡವೆಂದು ದೊಡ್ಡಸ್ತಿಕೆ ಬೇರೆ.

ಉತ್ತರ ಬರೆಯುವ ಧೈರ್ಯ ಇದ್ದರೆ ಬರೆ.

ಕೃಪಾವತಿ

*

ಇಲಕಲ್ಲ
೯ ಅಕ್ಟೋಬರ್ ೨೦೨೪

ಅಕ್ಕೋರಿಗೆ ಜಾಫರಸಾಬನ ಸಲಾಮ್.

ನನಗ ನಿಮ್ಮಂಗ ಬರಿಯಾಕ ಬರೂದಿಲ್ಲರಿ. ಮಾತಾಡಿದಂಗ ಬರೀತೇನಿ, ಸಿಟ್ಟಾಗಬ್ಯಾಡ್ರಿ.

ನಾ ನಿಂತ ನೋಡಿದ್ನಿರಿ ಅಕ್ಕೋರ. ಸುಳ್ಳ ಹೇಳೂದಿಲ್ಲ. ಮುಂದಿನ ಜಾಲಿ ಎಲ್ಲಾ ತಗದೆ, ಹಿಂದಿನ ಕವಳಿ ಕಂಟಿಗೆ ಬಂದಾಗ ಒಳಗಿಂದ ಒಂದ ಗೌಜಲಕ್ಕಿ ಭರ್ರಂತ ಎದ್ದ ಹೋತು. ಗಾಡಿ ಬಂದ್ ಮಾಡಿ ಕೆಳಗ ಇಳದೆ. ನೋಡಿದ್ರ ಬುಡಕ ಒಂದ ಹಾಸಗಲ್ಲ, ಮಟ್ಟಸ ಮಾಡಿ ಇಟ್ಟದ್ದು. ಯಾರೋ ಬಂದ ಕುಂದರೂ ಜಾಗ ಇದು ಅಂತ ನನಗ ಖರೆ ಅನಿಸ್ತು. "ಲೇ ಧರ್ಮಾ, ಇಲ್ಲಿ ಯಾರೋ ಮಲಗ್ಯಾರ, ನಾ ಮುಂದ ಹೋಗೂದಿಲ್ಲ" ಅಂದ್ನಿ. ಆದ್ರ ಕಮಿಟಿ ಮಂದಿ ಬಿಡಬೇಕಲ್ರಿ, ಪುಸ್ತಕ ತಂದ ತೋರಿಸಿದ್ರು. ಎಲ್ಲಾ ಕಂಟಿ ತಗಸೂದು ಅಂತ ಬರದಿತ್ತು. ಕೆಳಗ ನಿಮ್ಮ ಸಹಿ.

ಆ ಸಹಿ ನನಗ ಗೊತ್ತಿಲ್ಲೇನ್ರಿ? ಐದ ವರ್ಷ ನನ್ನ ಪ್ರಗತಿ ಪತ್ರದಾಗ ನೋಡೇನಿ. ಅಕ್ಕೋರು ಓದಲಾರದ ಸಹಿ ಮಾಡವರಲ್ಲ, ಅವರಿಗೆ ಎಲ್ಲಾ ಗೊತ್ತದ, ತಿಳದೇ ಮಾಡ್ಯಾರ, ಅಂದ್ನಿ. ಗಾಡಿ ಚಾಲೂ ಮಾಡಿದ್ನಿ. ಬ್ಯಾರೆ ಯಾರ ಸಹಿ ಇದ್ರೂ ಮಾಡ್ತಿರಲಿಲ್ರಿ.

ನಾಳೆ ಏನರ ತಕರಾರ ಬಂದೀತು ಅಂತ ಆ ಹಾಳಿದು ಝೆರಾಕ್ಸ್ ಮಾಡಿಸಿ ಗಾಡಿಯಾಗ ಇಟ್ಟಿದ್ನಿ. ಕಳಸೇನಿ, ನೋಡ್ರಿ.

ಒಂದ ಮಾತರಿ. ಗೋರಿ ಜಾಗದಾಗ ಆಳ ತೋಡಬಾರದು ಅಂತ ಅಪ್ಪ ಹೇಳ್ತಿದ್ದ. ನಾ ಮ್ಯಾಲೆ ಮ್ಯಾಲೆ ಸವರೇನಿ, ಬೇರಿಗೆ ಹಲ್ಲ ಹಚ್ಚಿಲ್ಲ. ಆ ಹಾಸಗಲ್ಲ ಎತ್ತಿ ಗ್ವಾಡಿಗೆ ಆನಿಸಿ ಇಟ್ಟೇನಿ. ಆದ್ರ ಎಲ್ಲಿಂದ ಎತ್ತಿದ್ನಿ ಅನ್ನೂದು, ಎಲ್ಲಾ ಬಯಲಾಗಿ ಬುಡಾನೂ ಮಣ್ಣಾಗ ಮುಚ್ಚಿದ ಮ್ಯಾಲೆ, ನನಗೂ ತಿಳೀವಲ್ದು.

ನಿಮ್ಮ ಹುಡುಗ,
ಜಾಫರಸಾಬ

*

ಬಾಗಲಕೋಟೆ
೧೪ ಅಕ್ಟೋಬರ್ ೨೦೨೪

ಧರ್ಮರಾಜ,

ಝೆರಾಕ್ಸ್ ನನ್ನ ಮುಂದಿದೆ. ಠರಾವು ನಂಬರ್ ಮೂರು. "ಸ್ಮಶಾನದಲ್ಲಿ ಬೆಳೆದ ಎಲ್ಲ ಕಂಟಿಗಳನ್ನು ಯಂತ್ರದಿಂದ ತೆಗೆಸುವುದೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು." ಅಕ್ಷರ ನಿನ್ನದು. ಕೆಳಗಿನ ಸಹಿ ನನ್ನದು, ಎಷ್ಟು ನೆಟ್ಟಗೆ, ಎಷ್ಟು ಗರ್ವದಿಂದ ಮಾಡಿದ್ದೇನೆ. ಯಾರ ಅಪ್ಪಣೆ ಎಂದು ಕೇಳಿದ್ದೆನಲ್ಲ. ಉತ್ತರ ಸಿಕ್ಕಿತು.

ನಾಲ್ಕು ದಿನ ಅದನ್ನೇ ನೋಡುತ್ತಾ ಕೂತಿದ್ದೇನೆ. ಠರಾವನ್ನು ಓದಿ ಹೇಳುತ್ತೇನೆಂದು ನೀನು ಕೇಳಿದೆ. ಗೋರಿ ಎಲ್ಲಿ ಎಂದು ಕೇಳಿದೆ. ಎರಡಕ್ಕೂ ನಾನು ಮೂಗು ಮುರಿದೆ. ನೀವು ಯಾವ ಕೆಲಸವನ್ನೂ ಪೂರ್ತಿ ಮಾಡುವ ಮಂದಿ ಅಲ್ಲ ಎಂಬುದು ನನ್ನ ನಂಬಿಕೆ, ಅದರ ಮೇಲೆ ಸಹಿ ಹಾಕಿದ್ದೆ. ಅಡ್ಡ ನಿಂತ ಒಬ್ಬನೇ ಒಬ್ಬನನ್ನು, ಆ ಹುರಿದ ಅವರೆ ತಿಂದವನನ್ನು, ನನ್ನ ಸಹಿಯೇ ಸರಿಸಿತು. ಇಷ್ಟು ವರ್ಷ ಊರಿನ ದಡ್ಡರನ್ನೆಲ್ಲ ಎಣಿಸಿದ್ದೇನೆ ಧರ್ಮರಾಜ, ಒಬ್ಬಳನ್ನು ಬಿಟ್ಟಿದ್ದೆ. ಅವಳಷ್ಟು ದಡ್ಡರು ನಿನ್ನ ಕಮಿಟಿಯಲ್ಲೂ ಇಲ್ಲ. ಆ ಕಮಿಟಿಯ ಬಗ್ಗೆ ಇದು ದೊಡ್ಡ ಮಾತು.

ಅವರೆಲ್ಲಿದ್ದಾರೆಂದು ಗೊತ್ತಿದೆ ಎಂದು ಬರೆದಿದ್ದೆ. ಸುಳ್ಳು. ನನಗೆ ಪೊದೆ ಗೊತ್ತಿತ್ತು. ಗೇಟಿನಿಂದ ಎಷ್ಟು ಹೆಜ್ಜೆ, ಗೋಡೆಯಿಂದ ಎಷ್ಟು ದೂರ, ಎಂದೂ ನೋಡಿರಲಿಲ್ಲ, ನೋಡುವ ಕಾರಣವೇ ಇರಲಿಲ್ಲ. ನನ್ನ ಗಂಡ ಎಲ್ಲಿ ಮಲಗಿದ್ದಾರೆಂದು ನನಗೀಗ ಗೊತ್ತಿಲ್ಲ.

ನೀನೇಕೆ ನನ್ನ ಸಹಿಯ ಮಾತು ಎತ್ತಲಿಲ್ಲ? ನನ್ನ ತಪ್ಪನ್ನೂ ಹೊತ್ತು ಪುಣ್ಯವಂತನಾಗುವ ಹವಣಿಕೆಯೋ? ಉತ್ತರ ಬರೆ. ಈ ಸಲ ಎರಡು ಸಾಲಿಗಿಂತ ಹೆಚ್ಚು ಬರೆ.

ಕೃಪಾವತಿ

*

ಹುನಗುಂದ
೨೨ ಅಕ್ಟೋಬರ್ ೨೦೨೪

ಅಕ್ಕೋರೇ,

ಪುಣ್ಯ ಕಟ್ಟಿಕೊಳ್ಳಲು ಅಲ್ಲ. ತಾವು ಈಗ ಪಡುತ್ತಿರುವ ಸಂಕಟವನ್ನು ನೋಡಬಾರದೆಂದು ಹೇಳಲಿಲ್ಲ. ಸಹಿ ತಮ್ಮದಾದರೂ ಅಕ್ಷರ ನನ್ನದೇ ತಾನೇ.

ಒಂದು ಮಾತು ಹೇಳುತ್ತೇನೆ, ಸಿಟ್ಟಾಗುವುದಿದ್ದರೆ ಆಗಿ. ಆ ಶನಿವಾರ ತಾವು ನಗುತ್ತೀರೆಂದು ನಾನು ಪ್ರಾರ್ಥನೆ ಬಿಟ್ಟೆ. ಬಿಡಬಾರದಿತ್ತು. ಮಾಡಿದ್ದರೆ ಕೆಲಸಕ್ಕೆ ಮುಂಚೆ ಐದು ನಿಮಿಷ ಎಲ್ಲರೂ ಅಲ್ಲಿ ಸುಮ್ಮನೆ ನಿಂತಿರುತ್ತಿದ್ದೆವು. ಆ ಹಕ್ಕಿ ನಮಗೇ ಕಾಣುತ್ತಿತ್ತು, ಆ ಹಾಸುಗಲ್ಲೂ ಕಾಣುತ್ತಿತ್ತು. ಪ್ರಾರ್ಥನೆಯಿಂದ ಹುಲ್ಲು ಮೊಳೆಯುವುದಿಲ್ಲ, ನಿಜ. ಆದರೆ ಅವಸರ ನಿಲ್ಲುತ್ತದೆ ಅಕ್ಕೋರೇ. ನಮಗೆ ಅವತ್ತು ಬೇಕಾಗಿದ್ದದ್ದು ಅದು.

ಈಗ ಇನ್ನೊಂದು ತಾಪತ್ರಯ. ಬಯಲು ಚೆಂದ ಕಾಣುತ್ತದೆಂದು ಕ್ರಿಸ್ಮಸ್ ಒಳಗೆ ಇಡೀ ಸ್ಮಶಾನಕ್ಕೆ ಸಿಮೆಂಟಿನ ಪೇವರ್ಸ್ ಹಾಸಬೇಕೆಂದು ಕಮಿಟಿಯವರು ಹೊರಟಿದ್ದಾರೆ. ನವೆಂಬರ್ ಹತ್ತರ ರವಿವಾರ ಮೀಟಿಂಗ್. ನಾನು ಬೇಡವೆಂದರೆ "ಪಾಸ್ಟರ್‌ಗೆ ಒಮ್ಮೆ ಬೇಕು, ಒಮ್ಮೆ ಬ್ಯಾಡ" ಎಂದು ನಗುತ್ತಾರೆ. ತಾವು ಸಹಿ ಮಾಡಿದ ಐದರಲ್ಲಿ ಒಂದು ಖಾಲಿ ಹಾಳೆ ಉಳಿದಿದೆ. ಅದನ್ನು ನನ್ನ ಹತ್ತಿರ ಇಟ್ಟುಕೊಳ್ಳಲು ಹೆದರಿಕೆ. ಪುಸ್ತಕವನ್ನೇ ಕಳಿಸುತ್ತಿದ್ದೇನೆ. ಬೇಕಾದರೆ ಹರಿದುಹಾಕಿ, ಬೇಕಾದರೆ ಬರೆಯಿರಿ.

ತಮ್ಮ
ಧರ್ಮರಾಜ

*

ಬಾಗಲಕೋಟೆ
೨ ನವೆಂಬರ್ ೨೦೨೪

ಧರ್ಮರಾಜ,

ಪುಸ್ತಕ ತಲುಪಿತು. ಬಿಚ್ಚಿದಾಗ ಗೀತಾಂಜಲಿ "ಯಾಕವ್ವಾ, ಅಳಾಕತ್ತಿ?" ಎಂದಳು. ಕಾಲು ನೋವು ಎಂದೆ.

ಕವಳಿ ಹಠಮಾರಿ ಗಿಡ. ಮೇಲೆ ಸವರಿದರೆ ಬೇರಿನಿಂದ ಮತ್ತೆ ಚಿಗುರುತ್ತದೆ. ಬೇರು ಬದುಕಿರಬೇಕು, ಅದರ ಮೇಲೆ ಪೇವರ್ಸ್ ಬೀಳಬಾರದು, ಸಭೆಯವರು ಇನ್ನೊಂದು ಉಪಕಾರ ಮಾಡಬಾರದು. ಬರುವ ಮಳೆಗಾಲಕ್ಕೆ ಎಲ್ಲಿ ಕವಳಿ ಚಿಗುರುತ್ತದೋ ಅಲ್ಲಿ ಅವರಿದ್ದಾರೆ. ಚಿಗುರದಿದ್ದರೆ ನನಗೆ ಅವರು ಸಿಗುವುದಿಲ್ಲ. ಅಲ್ಲಿಯವರೆಗೆ ಜೀವಶಾಸ್ತ್ರದವಳು ಮಾಡುವಂಥದ್ದು ಏನೂ ಉಳಿದಿಲ್ಲ. ಆದ್ದರಿಂದ ಹೇಳುತ್ತೇನೆ, ಹಲ್ಲು ಕಿಸಿಯಬೇಡ: ಪ್ರಾರ್ಥನೆ ಮಾಡು. ನಾನೂ ಶುರು ಮಾಡಿದ್ದೇನೆ. ಭಾಳ ಕೆಟ್ಟದಾಗಿ ಮಾಡುತ್ತೇನೆ, ನಡುನಡುವೆ ದೇವರಿಗೂ ಎರಡು ಮಾತು ಅಂದುಬಿಡುತ್ತೇನೆ. ನಿನ್ನ ನಂಬರನ್ನು ಬಿಡುಗಡೆ ಮಾಡಿದ್ದೇನೆ, ಸೂರ್ಯನ ಚಿತ್ರ ಮಾತ್ರ ಬೇಡ.

ಹಾಳೆಯ ಮೇಲೆ ಹೀಗೆ ಬರೆದಿದ್ದೇನೆ:

"ಠರಾವು ೫. ಸ್ಮಶಾನದಲ್ಲಿ ನೆಟ್ಟ ನೂರು ಸಸಿಗಳನ್ನು ತೆಗೆಯುವುದು. ಪೇವರ್ಸ್ ಹಾಸಬಾರದು. ಮಣ್ಣು ಕೊಡುವ ಸಂದರ್ಭ ಬಿಟ್ಟು, ಬರುವ ಮಳೆಗಾಲ ಮುಗಿಯುವವರೆಗೆ ಒಳಗೆ ಏನನ್ನೂ ಕಡಿಯಬಾರದು, ನೆಡಬಾರದು, ಗುಡಿಸಬಾರದು. ಪ್ರತಿ ರವಿವಾರ ಆರಾಧನೆಯ ನಂತರ ಸಭೆಯವರು ಗೇಟಿನ ಹೊರಗೆ ಐದು ನಿಮಿಷ, ಕಣ್ಣು ತೆರೆದುಕೊಂಡು, ಪ್ರಾರ್ಥಿಸುವುದು. ಓದದೆ ಸಹಿ ಮಾಡಿದ ಕಾರ್ಯದರ್ಶಿ ಕೃಪಾವತಿ ಜಯವಂತ ಇವರನ್ನು ಇಂದಿನಿಂದ ಆ ಸ್ಥಾನದಿಂದ ತೆಗೆಯುವುದು."

ಡಾಕ್ಟರು ಏನೇ ಅನ್ನಲಿ, ಹತ್ತನೆಯ ತಾರೀಖಿಗೆ ಬರುತ್ತೇನೆ. ಜಾಫರಸಾಬ ಕರೆದೊಯ್ಯುತ್ತೇನೆಂದು ಹೇಳಿದ್ದಾನೆ, ಜೆಸಿಬಿಯಲ್ಲಿ ಅಲ್ಲ, ಕಾರಿನಲ್ಲಿ. ಕಮಿಟಿಯ ಮುಂದೆ ಇದನ್ನು ನಾನೇ ಓದುತ್ತೇನೆ. ಬೇಡ ಎನ್ನುವವರು ನನ್ನ ಮುಖ ನೋಡಿ ಬೇಡ ಅನ್ನಲಿ.

ಸಹಿ ಮೇ ತಿಂಗಳಲ್ಲೇ ಆಗಿದೆ. ಅದರ ಮೇಲಿನದನ್ನು ಈ ಸಲ ಓದಿದ್ದೇನೆ.

ಕೃಪಾವತಿ